ತಾಯಿಯ ಗರ್ಭ: ಕಾವಲು ಪಡೆಯೇ ತೊಟ್ಟಿಲು ಕಟ್ಟುವ ಜಾಗ

(ಜುಮಾ ಉಪನ್ಯಾಸದ ಸಾರಾಂಶ)

 



ಅರಬಿ ಭಾಷೆಯಲ್ಲಿ ಗರ್ಭಕೋಶಕ್ಕೆ ‘ರಹಿಮ್’ ಎನ್ನುತ್ತಾರೆ. ಕರುಣೆಗೆ ‘ರಹ್ಮತ್’ ಎನ್ನುತ್ತಾರೆ. ಎರಡೂ ಒಂದೇ ಧಾತುವಿನಿಂದ ಬಂದ ಪದಗಳು. ಊಟಕ್ಕೆ ಕೈ ಹಾಕುವಾಗ, ಅಂಗಡಿಯ ಬಾಗಿಲು ತೆಗೆಯುವಾಗ ನಾವು ಹೇಳುವ ರಹ್ಮಾನ್, ರಹೀಮ್ ಎಂಬ ಎರಡು ನಾಮಗಳೂ ಅದೇ ಧಾತುವಿನವು. ಕುಟುಂಬ ಸಂಬಂಧವನ್ನು ಕಾಪಾಡುವುದಕ್ಕೆ ‘ಸಿಲತುರ್ರಹ್ಮ್’ ಎಂಬ ಪದವಿದೆ. ಅದರಲ್ಲೂ ಇರುವುದು ಗರ್ಭವೇ. ಇಷ್ಟು ದೊಡ್ಡ ಹೆಸರಿನ ಆ ಸಣ್ಣ ಅಂಗದೊಳಗೆ ಏನು ನಡೆಯುತ್ತದೆ ಎಂದು ಗಂಡಸರಾದ ನಾವು ತಿಳಿದುಕೊಳ್ಳಲು ಹೋಗುವುದೇ ಇಲ್ಲ. ‘ಅದು ಹೆಂಗಸರ ವಿಷಯ’ ಎಂದು ಎದ್ದು ಹೋಗುತ್ತೇವೆ. ಆದರೆ ಒಂದು ಮನೆಯಲ್ಲಿ ಗರ್ಭ ನಿಲ್ಲಲಿಲ್ಲ ಎಂದಾಗ ಮಾತ್ರ ಮಾತಾಡಲು ಎಲ್ಲರೂ ಸೇರುತ್ತೇವೆ. ಆಗ ಯಾರಿಗೂ ಅದು ಹೆಂಗಸರ ವಿಷಯವಾಗಿರುವುದಿಲ್ಲ.

ಆದ್ದರಿಂದ ಇಂದು ಆ ವಿಷಯವನ್ನೇ ಸ್ವಲ್ಪ ಬಿಡಿಸಿ ನೋಡೋಣ. ಹಜ್ಜ್ ಮತ್ತು ಮೂಮಿನೂನ್ ಅಧ್ಯಾಯಗಳಲ್ಲಿ ಗರ್ಭದ ಹಂತಗಳ ಪ್ರಸ್ತಾಪವಿರುವುದು ನಮಗೆಲ್ಲ ಗೊತ್ತು. ಆದರೆ ಪ್ರಯೋಗಾಲಯದಿಂದ ಬರುವ ಪ್ರತಿಯೊಂದು ಸುದ್ದಿಗೂ ಒಂದು ಆಯತ್ ಹುಡುಕಿ ಅಂಟಿಸುವ ಅಭ್ಯಾಸ ಬೇಡ. ವಿಜ್ಞಾನ ತನ್ನ ಮಾತನ್ನು ತಿದ್ದಿಕೊಳ್ಳುತ್ತ ಸಾಗುತ್ತದೆ, ಅದು ಅದರ ರೀತಿ. ಸೃಷ್ಟಿಯ ಬಗ್ಗೆ ಚಿಂತಿಸಿರಿ ಎಂಬ ಆದೇಶ ನಮಗಿದೆ. ಚಿಂತಿಸಲು ಅಷ್ಟು ಸಾಕು.

ನಮ್ಮ ಪೈಕಿ ಕಿಡ್ನಿ ಕಸಿ ಮಾಡಿಸಿಕೊಂಡವರು ಇದ್ದಾರೆ. ಸ್ವಂತ ಅಣ್ಣನೇ ತಂಗಿಗೆ ಕಿಡ್ನಿ ಕೊಟ್ಟಿರಲಿ, ಅವಳು ಜೀವನಪೂರ್ತಿ ಮಾತ್ರೆ ನುಂಗಬೇಕು. ಏಕೆಂದರೆ ದೇಹದ ಕಾವಲು ಪಡೆ, ಅಂದರೆ ನಮ್ಮ ರಕ್ತದಲ್ಲಿ ತಿರುಗಾಡುವ ರೋಗನಿರೋಧಕ ಕಣಗಳು, ಹೊರಗಿನಿಂದ ಬಂದದ್ದನ್ನು ಗುರುತು ಹಿಡಿದು ದಾಳಿ ಮಾಡುತ್ತವೆ. ಮಾತ್ರೆ ಬಿಟ್ಟರೆ ಅಣ್ಣನ ಕಿಡ್ನಿಯನ್ನೂ ಅವು ಉಳಿಸುವುದಿಲ್ಲ. ಈಗ ಗರ್ಭದಲ್ಲಿರುವ ಮಗುವನ್ನು ನೋಡಿ. ಅದರ ಅರ್ಧ ಭಾಗ ತಾಯಿಯದು, ಇನ್ನರ್ಧ ತಂದೆಯದು. ಆ ಲೆಕ್ಕದಲ್ಲಿ ಅರ್ಧ ಪರಕೀಯ. ಆದರೂ ಒಂದೇ ಒಂದು ಮಾತ್ರೆಯಿಲ್ಲದೆ ಒಂಬತ್ತು ತಿಂಗಳು ಅದು ಅಲ್ಲಿ ಬೆಳೆಯುತ್ತದೆ. ಹೇಗೆ?

ಈ ಪ್ರಶ್ನೆಯನ್ನು 1953ರಲ್ಲಿ ಸ್ಪಷ್ಟವಾಗಿ ಕೇಳಿದವರು ಬ್ರಿಟನ್ನಿನ ವಿಜ್ಞಾನಿ ಪೀಟರ್ ಮೆಡವಾರ್. ಅವರ ತಂದೆ ಲೆಬನಾನ್ ಮೂಲದವರು. ಎರಡನೇ ಮಹಾಯುದ್ಧದ ಕಾಲದಲ್ಲಿ ಸುಟ್ಟಗಾಯಗಳಿಗೆ ಬೇರೆಯವರ ಚರ್ಮ ಕಸಿ ಮಾಡಿದರೆ ಅದೇಕೆ ನಿಲ್ಲುವುದಿಲ್ಲ ಎಂದು ಅಧ್ಯಯನ ಮಾಡುತ್ತಲೇ ಅವರು ಈ ಕ್ಷೇತ್ರಕ್ಕೆ ಬಂದದ್ದು. 1960ರಲ್ಲಿ ಅವರಿಗೆ ನೊಬೆಲ್ ಬಹುಮಾನವೂ ಬಂತು. ಗರ್ಭದ ಒಗಟಿಗೆ ಅವರು ಮೂರು ಸಾಧ್ಯತೆಗಳನ್ನು ಮುಂದಿಟ್ಟರು. ತಾಯಿಗೂ ಮಗುವಿಗೂ ನಡುವೆ ಗೋಡೆ ಇರಬಹುದು, ಮಗುವಿನ ಗುರುತುಗಳು ಇನ್ನೂ ಬಲಿತಿರದೆ ಇರಬಹುದು, ಇಲ್ಲವೇ ತಾಯಿಯ ಕಾವಲು ಪಡೆ ಮಂಕಾಗಿ ಕುಳಿತಿರಬಹುದು.

ಮುಂದಿನ ಹಲವು ದಶಕಗಳ ಕಾಲ ಜನ ನಂಬಿದ್ದು ಮೂರನೆಯದನ್ನು. ಇಂದಿಗೂ ನಮ್ಮ ಮನೆಗಳಲ್ಲಿ ‘ಬಸುರಿಗೆ ಶಕ್ತಿಯಿರುವುದಿಲ್ಲ’ ಎನ್ನುವ ಮಾತಿನ ಹಿಂದೆ ಅದೇ ಕಲ್ಪನೆಯಿದೆ. ಆದರೆ ಪಡೆ ನಿಜವಾಗಿ ನಿದ್ರಿಸಿದ್ದರೆ ಮಳೆಗಾಲದ ಒಂದು ಜ್ವರವನ್ನೂ ತಾಯಿ ದಾಟಲಾರಳು. ಗರ್ಭಕೋಶದ ಒಳಪದರವನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದವರಿಗೆ ಕಂಡದ್ದು ಪೂರ್ತಿ ಬೇರೆಯೇ. ಮೊದಲ ಮೂರು ತಿಂಗಳಲ್ಲಿ ಆ ಪದರ ಬಿಳಿ ರಕ್ತಕಣಗಳಿಂದ ತುಂಬಿರುತ್ತದೆ. ಅವುಗಳಲ್ಲಿ ನೂರಕ್ಕೆ ಸುಮಾರು 70 ಒಂದೇ ಜಾತಿಯವು. ಆ ಜಾತಿಯ ಹೆಸರು ಕೇಳಿದರೆ ಯಾರಿಗಾದರೂ ಭಯವಾಗಬೇಕು: ‘ನ್ಯಾಚುರಲ್ ಕಿಲ್ಲರ್’. ಹುಟ್ಟು ಕೊಲೆಗಾರ ಎಂದಂತೆ. ಚಿಕ್ಕದಾಗಿ ಎನ್‌.ಕೆ. ಕಣ.

1970ರ ದಶಕದಲ್ಲಿ ಈ ಹೆಸರು ಬಂದದ್ದು ಅವು ರಕ್ತದಲ್ಲಿ ಮಾಡುವ ಕೆಲಸ ನೋಡಿ. ಕ್ಯಾನ್ಸರ್ ಕಣವನ್ನು, ವೈರಸ್ ಹೊಕ್ಕ ಕಣವನ್ನು ಯಾವ ತರಬೇತಿಯೂ ಇಲ್ಲದೆ ಕಂಡಲ್ಲಿ ಮುಗಿಸುತ್ತವೆ. ಇಂಥವು ಎಳೆಯ ಗರ್ಭದ ಸುತ್ತ ಸಾಲುಗಟ್ಟಿ ನಿಂತದ್ದು ಕಂಡಾಗ, ಗರ್ಭ ಇಳಿಯುವುದಕ್ಕೆ ಇವೇ ಕಾರಣ ಎಂದು ಅನೇಕರು ಭಾವಿಸಿದರು. ಹೆಸರಿನಿಂದ ಆದ ಅನ್ಯಾಯ ಅದು. ನಮ್ಮ ಸಮುದಾಯಕ್ಕೆ ಅಂಥ ಅನ್ಯಾಯ ಹೊಸದೇನಲ್ಲ, ಇರಲಿ.

ಗರ್ಭಕೋಶದ ಎನ್‌.ಕೆ. ಕಣಗಳು ಕೊಲ್ಲುವುದರಲ್ಲಿ ಬಲು ಹಿಂದೆ. ಅವು ಮಾಡುವುದು ಕಾಲುವೆ ಅಗಲ ಮಾಡುವ ಕೆಲಸ. ಗರ್ಭಕೋಶದ ಗೋಡೆಯಲ್ಲಿ ಸುರುಳಿ ಸುತ್ತಿದ ಸಣ್ಣ ಸಣ್ಣ ರಕ್ತನಾಳಗಳಿವೆ. ಅವಕ್ಕೆ ಬಿಗಿಯಾದ ಸ್ನಾಯುವಿನ ಕವಚವಿದೆ. ತಿಂಗಳ ಮುಟ್ಟಿನ ಲೆಕ್ಕಕ್ಕೆ ಅಷ್ಟು ಸಣ್ಣ ನಾಳ ಸಾಕು, ಮಗುವಿಗೆ ಸಾಲದು. ದಿನ ತುಂಬುವ ಹೊತ್ತಿಗೆ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗೂ ಹೆಚ್ಚು ರಕ್ತ ಹರಿಯಬೇಕು. ಅಡಿಕೆ ತೋಟಕ್ಕೆ ನೀರು ಹಾಯಿಸಿದವರಿಗೆ ಇದು ಕೂಡಲೇ ಅರ್ಥವಾಗುತ್ತದೆ. ಕಾಲುವೆ ಕಿರಿದಾಗಿದ್ದು ನೀರಿನ ರಭಸ ಹೆಚ್ಚಿದ್ದರೆ ಬುಡದ ಮಣ್ಣು ಕೊಚ್ಚಿಹೋಗುತ್ತದೆ, ಗಿಡಕ್ಕೆ ದಕ್ಕುವುದು ಕಡಿಮೆ. ಅಗಲವಾದ ಕಾಲುವೆಯಲ್ಲಿ ನೀರು ನಿಧಾನವಾಗಿ, ಧಾರಾಳವಾಗಿ ಬರುತ್ತದೆ. ಎನ್‌.ಕೆ. ಕಣಗಳು ಆ ರಕ್ತನಾಳಗಳ ಕವಚವನ್ನು ಸಡಿಲಿಸುತ್ತವೆ, ನಾಳಗಳು ಬೆಳೆಯಲು ಬೇಕಾದ ರಾಸಾಯನಿಕಗಳನ್ನು ಸುರಿಸುತ್ತವೆ. ಆಮೇಲೆ ಮಾಸಿನ ಕಡೆಯಿಂದ ಮಗುವಿನ ಕಣಗಳು ಇಳಿದು ಬಂದು ಆ ನಾಳಗಳ ಒಳಗೋಡೆಯನ್ನೇ ಬದಲಿಸುತ್ತವೆ. ಅಂದರೆ ತಾಯಿಯ ಪಡೆ ಈ ಕಡೆಯಿಂದ, ಮಗುವಿನ ಕಣಗಳು ಆ ಕಡೆಯಿಂದ ಸೇರಿ ಒಂದೇ ಕಾಲುವೆಯನ್ನು ತೋಡುತ್ತವೆ. ಎನ್‌.ಕೆ. ಕಣಗಳೇ ಇಲ್ಲದ ಇಲಿಗಳನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದಾಗ ಅವುಗಳ ಗರ್ಭಕೋಶದ ನಾಳಗಳು ಅಗಲವಾಗದೆ ಹಾಗೆಯೇ ಬಿಗಿಯಾಗಿ ಉಳಿದಿದ್ದವು.

ಇನ್ನೊಂದು ಸಂಗತಿ ನಮ್ಮನ್ನು ಮೂಕರನ್ನಾಗಿಸುತ್ತದೆ. ಈ ಕಣಗಳು ಮಗು ಬಂದ ಮೇಲೆ ಓಡಿ ಬರುವುದಿಲ್ಲ. ಪ್ರತಿ ತಿಂಗಳೂ, ಮುಟ್ಟಿಗೆ ಮುಂಚಿನ ಎರಡು ವಾರಗಳಲ್ಲಿ ಅವು ಗರ್ಭಕೋಶದಲ್ಲಿ ಹೆಚ್ಚುತ್ತವೆ. ಅತಿಥಿ ಬರದಿದ್ದರೆ ಪದರದೊಂದಿಗೆ ಹೋಗುತ್ತವೆ, ಮುಂದಿನ ತಿಂಗಳು ಮತ್ತೆ ಸಿದ್ಧವಾಗುತ್ತವೆ. ಮದುವೆಯಾಗದ ಹೆಣ್ಣುಮಗಳ ದೇಹದಲ್ಲೂ ಈ ತಯಾರಿ ನಡೆಯುತ್ತಲೇ ಇರುತ್ತದೆ.

ಎನ್‌.ಕೆ. ಕಣಗಳ ಜೊತೆ ಮ್ಯಾಕ್ರೋಫೇಜ್ ಎಂಬ ಕಣಗಳಿವೆ. ಕಟ್ಟಡ ಕೆಲಸದಲ್ಲಿ ಸಿಮೆಂಟಿನ ಪುಡಿ, ಒಡೆದ ಇಟ್ಟಿಗೆ ಎತ್ತುವವರಿದ್ದಂತೆ, ಸತ್ತ ಕಣಗಳನ್ನು ಬಳಿದು ಜಾಗ ಶುಚಿ ಮಾಡುತ್ತವೆ. ಮೂರನೆಯವು ರೆಗ್ಯುಲೇಟರಿ ಟಿ ಕಣಗಳು. ಇವು ಪಡೆಯೊಳಗಿನ ಹಿರಿಯರು, ‘ಇವನು ನಮ್ಮವನು, ಕೈ ಎತ್ತಬೇಡಿ’ ಎಂದು ಉಳಿದವರನ್ನು ತಡೆಯುವವರು. ಜಪಾನಿನ ಶಿಮೋನ್ ಸಕಾಗುಚಿ 1995ರಲ್ಲಿ ಇವುಗಳನ್ನು ಗುರುತಿಸಿದರು. 2025ರ ವೈದ್ಯಕೀಯ ನೊಬೆಲ್ ಬಹುಮಾನ ಅವರಿಗೂ ಅಮೆರಿಕದ ಮೇರಿ ಬ್ರಂಕೋ ಮತ್ತು ಫ್ರೆಡ್ ರಾಮ್ಸ್‌ಡೆಲ್ ಅವರಿಗೂ ಸಂದದ್ದು ಈ ಸಂಶೋಧನೆಗಾಗಿಯೇ. 2004ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಇಲಿಗಳಿಂದ ಈ ಕಣಗಳನ್ನು ತೆಗೆದುಹಾಕಿದರು. ತಂದೆ ಬೇರೆ ತಳಿಯವನಾಗಿದ್ದ ಗರ್ಭಗಳು ಉಳಿಯಲಿಲ್ಲ. ತಂದೆ ತಾಯಿ ಒಂದೇ ತಳಿಯವಾಗಿದ್ದ ಗರ್ಭಗಳಿಗೆ ತೊಂದರೆಯಾಗಲಿಲ್ಲ. ಈ ಹಿರಿಯರ ನೆನಪು ಗಟ್ಟಿ ಎಂಬುದೂ ಇಲಿಗಳಲ್ಲಿ ಕಂಡುಬಂದಿದೆ. ಮೊದಲ ಹೆರಿಗೆಯ ನಂತರವೂ ಅವು ಉಳಿದಿದ್ದು, ಎರಡನೇ ಗರ್ಭದಲ್ಲಿ ಬೇಗ ಹೆಚ್ಚುತ್ತವೆ.

ಸಹೋದರರೇ, ಇದನ್ನೆಲ್ಲ ಕೇಳಿ ಸುಬ್‌ಹಾನಲ್ಲಾಹ್ ಎಂದು ಎದ್ದು ಹೋದರೆ ಅರ್ಧ ಕೆಲಸವಷ್ಟೇ ಆದಂತೆ.

ಆ ಕಾಲುವೆ ಸರಿಯಾಗಿ ಅಗಲವಾಗದಿದ್ದರೆ ಏನಾಗುತ್ತದೆ? ಮಾಸಿಗೆ ರಕ್ತ ಸಾಲುವುದಿಲ್ಲ, ಅದು ಸಂಕಟದಲ್ಲಿ ಬಿಡುವ ವಸ್ತುಗಳು ತಾಯಿಯ ರಕ್ತ ಸೇರುತ್ತವೆ, ಅವಳ ಬಿ.ಪಿ. ಏರುತ್ತದೆ. ಡಾಕ್ಟರರು ಇದನ್ನು ಪ್ರಿಎಕ್ಲಾಂಪ್ಸಿಯಾ ಎನ್ನುತ್ತಾರೆ. ಎಲ್ಲ ಸಲವೂ ಕಾರಣ ಇದೊಂದೇ ಅಲ್ಲ, ಆದರೆ ಇದು ದೊಡ್ಡ ಕಾರಣ. ಸಾಮಾನ್ಯವಾಗಿ ಐದು ತಿಂಗಳು ಕಳೆದ ಮೇಲೆ ಕಾಣಿಸಿಕೊಳ್ಳುತ್ತದೆ, ಚೊಚ್ಚಲ ಬಸಿರಿನಲ್ಲಿ ಹೆಚ್ಚು. ಬಿ.ಪಿ. 140/90 ದಾಟಿತೆಂದರೆ ಎಚ್ಚರ. ಬಿಡದ ತಲೆನೋವು, ಕಣ್ಣು ಮಂಜಾಗುವುದು, ಮುಖ ಮತ್ತು ಕೈ ಒಮ್ಮೆಲೇ ಊದಿಕೊಳ್ಳುವುದು, ಪಕ್ಕೆಲುಬಿನ ಕೆಳಗೆ ಮೇಲ್ಹೊಟ್ಟೆ ನೋವು ಇದರ ಲಕ್ಷಣಗಳು. ಮುಂದುವರಿದರೆ ಫಿಟ್ಸ್ ಬರುತ್ತದೆ. ತಾಯಿ ಮಗು ಇಬ್ಬರ ಜೀವಕ್ಕೂ ಅಪಾಯ. ನಮ್ಮ ಮನೆಗಳಲ್ಲಿ ಫಿಟ್ಸ್ ಕಂಡರೆ ಇಂದಿಗೂ ‘ಏನೋ ತಾಗಿದೆ’ ಎಂದು ನೀರು ಮಂತ್ರಿಸಲು ಕರೆದೊಯ್ಯುವವರಿದ್ದಾರೆ. ದುಆ ಮಾಡಿ, ಖಂಡಿತ ಮಾಡಿ. ಆದರೆ ಆಂಬುಲೆನ್ಸಿನಲ್ಲಿ ಕುಳಿತು ಮಾಡಿ. ಅಪಾಯ ಹೆಚ್ಚಿರುವವರಿಗೆ ನಾಲ್ಕನೇ ತಿಂಗಳೊಳಗೆ ಸಣ್ಣ ಪ್ರಮಾಣದ ಆಸ್ಪಿರಿನ್ ಆರಂಭಿಸಿದರೆ ಈ ಕಾಯಿಲೆಯ ಸಾಧ್ಯತೆ ತಗ್ಗುತ್ತದೆ. ಯಾರಿಗೆ ಬೇಕು, ಯಾರಿಗೆ ಬೇಡ ಎಂಬುದನ್ನು ವೈದ್ಯರು ಹೇಳಬೇಕು, ಪಕ್ಕದ ಮನೆಯವರಲ್ಲ. ಅದಕ್ಕೆ ವೈದ್ಯರನ್ನು ಬೇಗ ಕಾಣಬೇಕು. ಏಳನೇ ತಿಂಗಳಲ್ಲಿ ತವರಿಗೆ ಹೋದ ಮೇಲೆ ಮೊದಲ ಸಲ ತೋರಿಸಿದರೆ ಕಾಲುವೆ ತೋಡುವ ಕಾಲ ಎಂದೋ ಮುಗಿದಿರುತ್ತದೆ.

ಕೇಂಬ್ರಿಜ್‌ನಲ್ಲಿ ಆಶ್ಲಿ ಮೊಫೆಟ್ ಮತ್ತು ಅವರ ಸಂಗಡಿಗರು 2004ರಲ್ಲಿ ತೋರಿಸಿದ ಒಂದು ವಿಷಯವನ್ನು ಅತ್ತೆ ಮಾವಂದಿರು ವಿಶೇಷವಾಗಿ ಕೇಳಬೇಕು. ತಾಯಿಯ ಎನ್‌.ಕೆ. ಕಣಗಳ ಮೇಲೆ ಗುರುತು ಓದುವ ಕಣ್ಣುಗಳಂಥ ರಚನೆಗಳಿವೆ. ಮಗುವಿನ ಕಣಗಳ ಮೇಲಿನ ಗುರುತುಗಳಲ್ಲಿ ಕೆಲವು ತಂದೆಯಿಂದ ಬಂದವು. ತಾಯಿಯ ಒಂದು ಬಗೆಯ ಕಣ್ಣಿಗೂ ಮಗುವಿನ ಒಂದು ಬಗೆಯ ಗುರುತಿಗೂ ಜೋಡಿಯಾದಾಗ ಈ ಬಿ.ಪಿ. ಕಾಯಿಲೆಯ ಸಾಧ್ಯತೆ ಹೆಚ್ಚುತ್ತದೆ. ಅದೇ ತಾಯಿಗೆ ಬೇರೆ ಗುರುತಿನ ಮಗುವಾಗಿದ್ದರೆ ಲೆಕ್ಕವೇ ಬೇರೆ. ಇದರಲ್ಲಿ ಅವಳದು ಯಾವ ತಪ್ಪು? ಅವನದಾದರೂ ಯಾವ ತಪ್ಪು? ಇಬ್ಬರೂ ಹುಟ್ಟುವಾಗ ತಂದದ್ದು ಅದು.

ಗರ್ಭ ಇಳಿದು ಹೋಗುವ ವಿಷಯಕ್ಕೆ ಬರೋಣ. ಖಚಿತವಾದ ಗರ್ಭಗಳಲ್ಲೂ ನೂರಕ್ಕೆ 10ರಿಂದ 20 ಹೀಗೆ ಮೊದಲ ತಿಂಗಳುಗಳಲ್ಲಿ ನಿಲ್ಲದೆ ಹೋಗುತ್ತವೆ. ಅವುಗಳಲ್ಲಿ ಅರ್ಧದಷ್ಟಕ್ಕಾದರೂ ಕಾರಣ ಭ್ರೂಣದ ಕ್ರೋಮೋಸೋಮುಗಳ ಎಣಿಕೆಯಲ್ಲಿ ಆಕಸ್ಮಿಕವಾಗಿ ಆಗುವ ವ್ಯತ್ಯಾಸ. ಅವಳು ಬಿಂದಿಗೆ ಎತ್ತಿದ್ದಲ್ಲ, ಬಸ್ಸಿನಲ್ಲಿ ಪ್ರಯಾಣ ಮಾಡಿದ್ದಲ್ಲ, ಯಾರದೋ ಕಣ್ಣು ಬಿದ್ದದ್ದಲ್ಲ. ‘ಇವಳಿಗೆ ನಿಲ್ಲುವುದಿಲ್ಲ’ ಎಂಬ ಮಾತನ್ನು ಒಮ್ಮೆ ನಾಲಿಗೆಯಿಂದ ಬಿಟ್ಟರೆ ಮತ್ತೆ ಒಳಗೆ ತೆಗೆದುಕೊಳ್ಳಲಾಗದು. ನಾವು ನಿಕಾಹ್ ಓದಿಸಿದ ಮನೆಗಳಿಂದಲೇ ಇಂಥ ಮಾತುಗಳ ಕಾರಣಕ್ಕೆ ದೂರು ಬಂದಿದೆ, ಎರಡನೇ ಮದುವೆಯ ಬೆದರಿಕೆಯ ತನಕ ಹೋದದ್ದಿದೆ. ಆಕೆ ಅತ್ತದ್ದು ತಾನು ಕಳೆದುಕೊಂಡ ಕಂದನಿಗಾಗಿ. ಅಂಥ ಹೊತ್ತಿನಲ್ಲಿ ಮೇಲಿಂದ ಆರೋಪ ಹೊರಿಸುವುದಕ್ಕೆ ಯಾವ ಹದೀಸ್ ಆಧಾರ? ಮಗುವನ್ನು ಕಳೆದುಕೊಂಡು ಸಹನೆ ತಾಳಿದ ತಾಯಿಗೆ ಪ್ರವಾದಿ(ಸ)ರು ಕೊಟ್ಟದ್ದು ಶುಭವಾರ್ತೆ, ನಿಂದನೆಯಲ್ಲ.

ಮತ್ತೆ ಮತ್ತೆ ಗರ್ಭ ಇಳಿಯುತ್ತಿದ್ದರೆ ಕಾರಣ ಹುಡುಕಬೇಕು. ರೋಗನಿರೋಧಕ ಪಡೆಯೇ ದಾರಿ ತಪ್ಪಿ ರಕ್ತ ಹೆಪ್ಪುಗಟ್ಟಿಸುವ ಒಂದು ಕಾಯಿಲೆಯಿದೆ, ಆಂಟಿಫಾಸ್ಫೊಲಿಪಿಡ್ ಸಿಂಡ್ರೋಮ್. ಅದು ರಕ್ತಪರೀಕ್ಷೆಯಲ್ಲಿ ತಿಳಿಯುತ್ತದೆ, ಆಸ್ಪಿರಿನ್ ಮತ್ತು ಹೆಪಾರಿನ್ ಇಂಜೆಕ್ಷನ್ನಿನಿಂದ ಅನೇಕರಿಗೆ ಮಕ್ಕಳಾಗಿವೆ. ಥೈರಾಯ್ಡ್, ಸಕ್ಕರೆ ಕಾಯಿಲೆ, ಗರ್ಭಕೋಶದ ಆಕಾರ, ಇವನ್ನೂ ನೋಡುತ್ತಾರೆ. ಆದರೆ ‘ನಿಮ್ಮ ರಕ್ತದಲ್ಲಿ ಎನ್‌.ಕೆ. ಕಣ ಜಾಸ್ತಿಯಿದೆ, ಅವು ಮಗುವನ್ನು ಕೊಲ್ಲುತ್ತಿವೆ’ ಎಂದು ಹೇಳಿ ದುಬಾರಿ ಚಿಕಿತ್ಸೆಗೆ ಕೂರಿಸುವವರ ಬಗ್ಗೆ ಜಾಗ್ರತೆಯಿರಲಿ. ತೋಳಿನಿಂದ ತೆಗೆದ ರಕ್ತದ ಎನ್‌.ಕೆ. ಕಣವೇ ಬೇರೆ, ಗರ್ಭಕೋಶದ್ದೇ ಬೇರೆ. ಒಂದನ್ನು ಎಣಿಸಿದರೆ ಇನ್ನೊಂದರ ಸ್ಥಿತಿ ತಿಳಿಯುವುದಿಲ್ಲ. ಗಂಡನ ಬಿಳಿ ರಕ್ತಕಣಗಳನ್ನು ಹೆಂಡತಿಗೆ ಚುಚ್ಚುವ ಚಿಕಿತ್ಸೆಯೊಂದು 1980ರ ದಶಕದಿಂದ ಚಾಲ್ತಿಯಲ್ಲಿತ್ತು. 1999ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಅದರಿಂದ ಯಾವ ಪ್ರಯೋಜನವೂ ಕಾಣಲಿಲ್ಲ. 2002ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಇಲಾಖೆ ಸಂಶೋಧನೆಯ ಹೊರಗೆ ಅದನ್ನು ಕೊಡದಂತೆ ತಡೆಯಿತು. ನಮ್ಮ ದೇಶದಲ್ಲಿ ಕೆಲವೆಡೆ ಅದು ಇನ್ನೂ ನಡೆಯುತ್ತಿದೆ. ಮಹರ್‌ನಲ್ಲಿ ಬಂದ ಚಿನ್ನವನ್ನು ಅಡವಿಡುವ ಮುನ್ನ ‘ಇದಕ್ಕೆ ಪುರಾವೆ ಏನು?’ ಎಂದು ಕೇಳಿ, ಇನ್ನೊಬ್ಬ ವೈದ್ಯರ ಅಭಿಪ್ರಾಯ ಪಡೆಯಿರಿ. ಹಾಗೆ ಕೇಳುವುದು ಅವಮರ್ಯಾದೆಯಲ್ಲ.

ಪಡೆ ನಿದ್ರಿಸುವುದಿಲ್ಲ ಎಂದೆವು. ಆದರೆ ಅದು ಕೆಲಸ ಮಾಡುವ ಬಗೆ ಬದಲಾಗುತ್ತದೆ. ಸಂಧಿವಾತವಿದ್ದ ಅನೇಕ ಹೆಂಗಸರಿಗೆ ಬಸಿರಿನಲ್ಲಿ ನೋವು ಇಳಿಯುವುದು ಇದರಿಂದಲೇ. ಕೆಲವು ಸೋಂಕುಗಳು ಅದೇ ಕಾಲದಲ್ಲಿ ಉಗ್ರವಾಗುವುದೂ ಉಂಟು. 1978ರಲ್ಲಿ ಕಾಶ್ಮೀರ ಕಣಿವೆಯಲ್ಲಿ ಕಾಮಾಲೆಯ ದೊಡ್ಡ ಸಾಂಕ್ರಾಮಿಕ ಹರಡಿತು. ಹಳ್ಳಿ ಹಳ್ಳಿ ಸುತ್ತಿ ಅದನ್ನು ಅಧ್ಯಯನ ಮಾಡಿದವರು ಅಲ್ಲಿಯವರೇ ಆದ ಡಾ. ಮುಹಮ್ಮದ್ ಸುಲ್ತಾನ್ ಖುರೂ. ಕಾಯಿಲೆ ಬಂದ ಗರ್ಭಿಣಿಯರಲ್ಲಿ ಅದು ಉಳಿದವರಿಗಿಂತ ಹಲವು ಪಟ್ಟು ಮಾರಕವಾಗಿತ್ತು ಎಂದು 1981ರಲ್ಲಿ ಅವರು ಬರೆದರು. ಈಗ ಅದಕ್ಕೆ ಹೆಪಟೈಟಿಸ್-ಇ ಎನ್ನುತ್ತೇವೆ. ಅದು ಬರುವುದು ಕೊಳಕು ಸೇರಿದ ನೀರಿನಿಂದ. ಅದಕ್ಕೆ ಬಸುರಿಯಿರುವ ಮನೆಯಲ್ಲಿ ನೀರು ಕುದಿಸಿಯೇ ಕುಡಿಯಬೇಕು. ಬಾವಿ ಸ್ವಂತದ್ದಾದರೂ ಅಷ್ಟೇ.

ರಕ್ತದ ಗುಂಪಿನ ಬಗ್ಗೆ ಒಂದು ಮಾತು. ಹೆಂಡತಿ ನೆಗೆಟಿವ್, ಗಂಡ ಪಾಸಿಟಿವ್ ಆಗಿದ್ದರೆ ಮೊದಲೇ ಡಾಕ್ಟರಿಗೆ ತಿಳಿಸಿ. ಆಂಟಿ-ಡಿ ಎಂಬ ಇಂಜೆಕ್ಷನ್ನನ್ನು ಏಳನೇ ತಿಂಗಳ ಸುಮಾರಿಗೆ, ಮತ್ತೆ ಮಗು ಪಾಸಿಟಿವ್ ಆಗಿದ್ದರೆ ಹೆರಿಗೆಯಾದ 72 ಗಂಟೆಯೊಳಗೆ ಕೊಡುತ್ತಾರೆ. ಗರ್ಭ ಇಳಿದಾಗಲೂ ಇದು ಬೇಕೇ ಎಂದು ಕೇಳಬೇಕು. ಇದನ್ನು ಮರೆತರೆ ತೊಂದರೆಯಾಗುವುದು ಮುಂದಿನ ಮಗುವಿಗೆ.

ಕೊನೆಯ ಮೂರು ತಿಂಗಳಲ್ಲಿ ತಾಯಿ ತನ್ನ ರಕ್ಷಣೆಯ ಗಂಟನ್ನೇ ಮಗುವಿಗೆ ಕಟ್ಟಿಕೊಡುತ್ತಾಳೆ. ಅವಳು ಜೀವನದಲ್ಲಿ ಎದುರಿಸಿದ ಕಾಯಿಲೆಗಳ ವಿರುದ್ಧದ ಪ್ರತಿಕಾಯಗಳು ಮಾಸಿನ ಮೂಲಕ ಮಗುವಿಗೆ ಸಾಗುತ್ತವೆ. ದಿನ ತುಂಬಿ ಹುಟ್ಟಿದ ಮಗುವಿನ ರಕ್ತದಲ್ಲಿ ಅವು ತಾಯಿಯಲ್ಲಿರುವಷ್ಟೇ ಅಥವಾ ಇನ್ನೂ ಹೆಚ್ಚೇ ಇರುತ್ತವೆ. ಗರ್ಭಿಣಿಗೆ ಟಿ.ಡಿ. ಇಂಜೆಕ್ಷನ್ ಕೊಡುವುದು ಅದಕ್ಕೇ. ನವಜಾತ ಶಿಶುಗಳ ಧನುರ್ವಾಯು ಒಂದು ಕಾಲದಲ್ಲಿ ಎಷ್ಟೋ ಮನೆಗಳ ತೊಟ್ಟಿಲು ಬರಿದು ಮಾಡಿತ್ತು. 2015ರಲ್ಲಿ ಭಾರತ ಅದನ್ನು ನಿರ್ಮೂಲನ ಮಾಡಿದೆ ಎಂದು ಘೋಷಣೆಯಾಯಿತು. ಇಂಜೆಕ್ಷನ್ನಿನ ಬಗ್ಗೆ ವಾಟ್ಸಾಪಿನಲ್ಲಿ ಬಂದದ್ದನ್ನು ಮುಂದಕ್ಕೆ ಕಳಿಸುವವರು ಇದನ್ನು ನೆನಪಿಟ್ಟುಕೊಳ್ಳಲಿ. ಹೆರಿಗೆಯಾದ ಕೂಡಲೇ ಬರುವ ಹಳದಿ ಬಣ್ಣದ ಗಟ್ಟಿ ಹಾಲಿನಲ್ಲೂ ಇಂಥ ರಕ್ಷಣೆ ತುಂಬಿದೆ. ಅದು ಕೆಟ್ಟ ಹಾಲು ಎಂದು ಹಿಂಡಿ ಚೆಲ್ಲುವುದು ಬೇಡ.

ಉಪವಾಸದ ಬಗ್ಗೆ ಪ್ರಶ್ನೆ ಬರುತ್ತಿರುತ್ತದೆ. ತನಗಾಗಲಿ ಮಗುವಿಗಾಗಲಿ ತೊಂದರೆಯ ಭಯವಿದ್ದರೆ ಗರ್ಭಿಣಿಗೆ ವಿನಾಯಿತಿಯಿದೆ. ಸೊಸೆಯೊಬ್ಬಳು ಅದನ್ನು ಬಳಸಿಕೊಂಡರೆ ‘ನಮ್ಮ ಕಾಲದಲ್ಲಿ ನಾವು ಮೂವತ್ತೂ ಹಿಡಿದಿದ್ದೆವು’ ಎನ್ನುವುದು ಬೇಡ.

1996ರಲ್ಲಿ ಅಮೆರಿಕದ ವೈದ್ಯೆ ಡಯಾನಾ ಬಿಯಾಂಕಿ ಮತ್ತು ಅವರ ಸಂಗಡಿಗರು ತಾಯಂದಿರ ರಕ್ತ ಪರೀಕ್ಷಿಸಿದರು. ಗಂಡು ಮಗು ಹೆತ್ತು 27 ವರ್ಷ ಕಳೆದಿದ್ದ ಒಬ್ಬ ತಾಯಿಯ ರಕ್ತದಲ್ಲಿ ಗಂಡಿನ ಕಣಗಳು ಇನ್ನೂ ಇದ್ದವು. ಕಾವಲು ಪಡೆ ಅವನ್ನು ಅಷ್ಟು ವರ್ಷ ಓಡಿಸದೆ ಇಟ್ಟುಕೊಂಡಿತ್ತು. ದುಬೈಯಲ್ಲೋ ಬೆಂಗಳೂರಲ್ಲೋ ಇದ್ದು ತಿಂಗಳಿಗೊಮ್ಮೆಯೂ ಉಮ್ಮನಿಗೆ ಫೋನ್ ಮಾಡದ ಮಕ್ಕಳು ಇದನ್ನು ಕೇಳಿಸಿಕೊಂಡರೆ ಸಾಕು.

ಇನ್ನು ಈ ತಿಂಗಳ ಕೆಲಸ. ಪ್ರತಿ ತಿಂಗಳ 9ರಂದು ಸರಕಾರಿ ಆಸ್ಪತ್ರೆಗಳಲ್ಲಿ ನಾಲ್ಕು ತಿಂಗಳು ಮತ್ತು ಅದಕ್ಕಿಂತ ಹೆಚ್ಚಿನ ಗರ್ಭಿಣಿಯರಿಗೆ ವೈದ್ಯರ ತಪಾಸಣೆ ಉಚಿತವಾಗಿ ನಡೆಯುತ್ತದೆ. ಬಿ.ಪಿ., ರಕ್ತ, ಮೂತ್ರ, ಎಲ್ಲ ನೋಡುತ್ತಾರೆ. ನಾಲ್ಕು ತಿಂಗಳು ಆಗುವವರೆಗೆ ಕಾಯುವುದೂ ಬೇಡ, ಮುಟ್ಟು ನಿಂತದ್ದು ತಿಳಿದ ಕೂಡಲೇ ಆಶಾ ಕಾರ್ಯಕರ್ತೆಗೆ ಹೇಳಿ ಹೆಸರು ಬರೆಸಿ, ತಾಯಿ ಕಾರ್ಡ್ ಮಾಡಿಸಿ. 9ರಂದು ಗಂಡಂದಿರೇ ಜೊತೆಗೆ ಹೋಗಿ, ಒಳಗೆ ಕುಳಿತು ಕೇಳಿ, ಕಾರ್ಡಿನಲ್ಲಿ ಬಿ.ಪಿ. ಎಷ್ಟು ಬರೆದಿದ್ದಾರೆ ಎಂದು ಓದಿ. ಗಂಡ ಊರಲ್ಲಿಲ್ಲದ ಮನೆಗಳ ಹೆಂಗಸರನ್ನು ಕರೆದುಕೊಂಡು ಹೋಗಲು ಮೊಹಲ್ಲಾದಲ್ಲಿ ಆಟೋ ಇರುವ ಸಹೋದರರು ನಮಾಝಿನ ನಂತರ ಕಾರ್ಯದರ್ಶಿಯವರ ಬಳಿ ಹೆಸರು ಕೊಡಬೇಕು.